ಖಾರ ಕಡಿಮೆ, ಕಿಮ್ಮತ್ತು ಜಾಸ್ತಿ: ಬ್ಯಾಡಗಿ ಮೆಣಸಿನ ಬಗ್ಗೆ ನಾಲ್ಕು ಮಾತು



ನಾನು ಲೇಖಕನಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿ ಕುಂದಾಪುರದಿಂದ ಬಸ್ಸು ಹತ್ತಿ ಮುಂಬಯಿಗೆ ಬಂದವನು, ಆಮೇಲೆ ಬರೆದದ್ದೆಲ್ಲ ಬಿಲ್ಲು ಮತ್ತು ಉದ್ರಿ ಲೆಕ್ಕ ಮಾತ್ರ. ಫಡ್ಕಾ ಹೊಡೆಯುವುದರಿಂದ ಶುರುಮಾಡಿ, ಸಪ್ಲಾಯರ್ ಆಗಿ, ಗಲ್ಲಾದಲ್ಲಿ ಕೂತು, ಕೊನೆಗೆ ಸಾಲ ಮಾಡಿ ಸ್ವಂತ ಹೋಟೆಲು ಮಾಡಿದ ಕಥೆ ನಿಮ್ಮೆಲ್ಲರದೂ ಹೌದು, ಅದನ್ನು ಇಲ್ಲಿ ಹೇಳುವುದಿಲ್ಲ. ಒಂದು ಮೆಣಸಿನಕಾಯಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ, ಅದರಿಂದ ಕಲಿತದ್ದನ್ನೂ ನಿಮ್ಮ ಮುಂದೆ ಇಡಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ನನ್ನ ಹಾಗೆ ಇನ್ನೊಬ್ಬರು ಕೈ ಸುಟ್ಟುಕೊಳ್ಳುವುದು ಬೇಡ.

ಉಳಿಸಿದ್ದು ಆರು ಸಾವಿರ

2022ರ ಮಾತು. ಕೊರೋನಾದ ಪೆಟ್ಟಿನಿಂದ ನಮ್ಮ ಧಂದೆ ಆಗಷ್ಟೇ ತಲೆ ಎತ್ತುತ್ತಿತ್ತು. ಗ್ಯಾಸು, ಎಣ್ಣೆ, ಪಗಾರ ಎಲ್ಲದರ ಖರ್ಚೂ ಮೇಲೆ. ಅದರ ಜೊತೆ ಬ್ಯಾಡಗಿ ಮೆಣಸಿನ ದರವೂ ಏರಿತ್ತು. 2021-22ರ ಹಂಗಾಮಿನಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನ ಹೊಲಗಳಿಗೆ ಕಪ್ಪು ಥ್ರಿಪ್ಸ್ ಎಂಬ ಹೊಸ ನುಸಿ ಬಿದ್ದು ಬೆಳೆ ಹಾಳಾಗಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅಂಗಡಿಯವನ ಬಿಲ್ಲು ಜಾಸ್ತಿಯಾಗಿದೆ.

ಅದೇ ಹೊತ್ತಿಗೆ ಒಬ್ಬ ವ್ಯಾಪಾರಿ ಬಂದು, "ಸೇಠ್, ಇಡೀ ಮೆಣಸು ತಂದು ತೊಟ್ಟು ಮುರಿದು ಹುರಿದು ಕಡೆಯುವ ಕಾಲ ಹೋಯಿತು. ನಮ್ಮ ಪುಡಿ ನೋಡಿ, ಬ್ಯಾಡಗಿಗಿಂತ ಕೆಂಪು, ಕಿಲೋಗೆ ನೂರೈವತ್ತು ರೂಪಾಯಿ ಕಡಿಮೆ" ಎಂದ. ನಮ್ಮಲ್ಲಿ ತಿಂಗಳಿಗೆ ಸುಮಾರು 40 ಕಿಲೋ ಮೆಣಸು ಬೇಕು. ಲೆಕ್ಕ ಹಾಕಿದೆ. ತಿಂಗಳಿಗೆ ಆರು ಸಾವಿರ ಉಳಿತಾಯ. ಕೂಡಲೇ ಒಪ್ಪಿದೆ. ಕಿಚನ್ನಿನಲ್ಲಿ ಯಾರನ್ನೂ ಕೇಳಲಿಲ್ಲ.

ನಮ್ಮ ಭಟ್ರು ನನ್ನಲ್ಲಿ ಹದಿನೆಂಟು ವರ್ಷ ಇದ್ದವರು. ಮೊದಲ ದಿನವೇ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿ, "ಇದ್ರಂಗೆ ಪರಿಮಳವೇ ಇಲ್ಲ ಮಾರಾಯ್ರೆ" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ತಿಂಗಳು ಕಳೆಯಿತು. ಸಾಂಬಾರು ನೋಡಲು ಕೆಂಪು, ಆದರೆ ಬಾಲ್ದಿಯಲ್ಲಿ ಮೇಲೆ ನೀರು, ಕೆಳಗೆ ಬೇಳೆ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಎರಡು ಇಡ್ಲಿ ತಿಂದು ಎರಡನೇ ಸಲ ಸಾಂಬಾರು ಕೇಳುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದರು. ಏನೂ ಹೇಳಲಿಲ್ಲ. ಗಿರಾಕಿ ಬೈದರೆ ಭಯವಿಲ್ಲ, ನಾಳೆಯೂ ಬರುತ್ತಾನೆ. ಏನೂ ಹೇಳದೆ ಎದ್ದು ಹೋದರೆ ಭಯಪಡಬೇಕು. ಮುಂದಿನ ವಾರ ಅವರು ಎದುರಿನ ಹೋಟೆಲಿನಲ್ಲಿ ಕೂತದ್ದನ್ನು ಗಲ್ಲಾದಿಂದಲೇ ನೋಡಿದೆ.

ಆ ಸಿಟ್ಟು ಯಾರ ಮೇಲೆ ಹೋಗಬೇಕು? ಭಟ್ರ ಮೇಲೆ ಹೋಯಿತು. ಎಲ್ಲ ಹುಡುಗರ ಎದುರಿಗೇ, "ವಯಸ್ಸಾಯಿತು ಭಟ್ರೆ, ನಿಮ್ಮ ಕೈ ರುಚಿ ಹೋಯಿತು" ಎಂದೆ. ಅವರು ಮೆಣಸಿನ ಮಾತೆತ್ತಿದಾಗ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೂ ಸೇರಿಸಿದೆ. ಭಟ್ರು ಒಂದೇ ಮಾತು ಹೇಳಿದರು: "ಮೆಣ್ಸ್ ಬದ್ಲಾದ್ದ್ ಮಾರಾಯ್ರೆ, ನನ್ನ್ ಕೈ ಅಲ್ಲ." ವಾರದೊಳಗೆ ಲೆಕ್ಕ ಮುಗಿಸಿಕೊಂಡು ಊರಿಗೆ ಹೋದರು.

ಹೊಸ ಭಟ್ರು ಬಂದರು. ಪುಡಿ ಅದೇ. ಸಾಂಬಾರೂ ಅದೇ! ಆಗ ನನ್ನ ಕಣ್ಣು ತೆರೆಯಿತು. ನೆಲವೇ ಡೊಂಕಾಗಿತ್ತು.

ಖಾರ ಇಲ್ಲದ್ದೇ ಇದರ ಗುಣ

ನಮ್ಮ ಕರಾವಳಿಯಲ್ಲಿ ಮೆಣಸು ಎಂದರೆ ಕೆಂಪು ಮೆಣಸಿನಕಾಯಿ. ಅದು ನಮ್ಮ ದೇಶದ ಬೆಳೆಯಲ್ಲ, ಐನೂರು ವರ್ಷದ ಹಿಂದೆ ಪೋರ್ಚುಗೀಸರ ಹಡಗಿನಲ್ಲಿ ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಅದಕ್ಕೆ ಮೊದಲು ನಮ್ಮ ಹಿರಿಯರಿಗೆ ಖಾರ ಎಂದರೆ ಕಾಳುಮೆಣಸು. ಹೊಸ ಕಾಯಿಗೂ ಹಳೆಯ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಬಂದ ಕಾಯಿ ಊರೂರಿನ ಮಣ್ಣಿಗೆ ಒಗ್ಗಿ ಒಂದೊಂದು ಜಾತಿಯಾಯಿತು. ಗುಂಟೂರಿನದು ಖಾರಕ್ಕೆ ಹೆಸರಾಯಿತು. ಹಳೆಯ ಧಾರವಾಡ ಜಿಲ್ಲೆಯ ಕಪ್ಪು ಮಣ್ಣಿನಲ್ಲಿ ಬೆಳೆದದ್ದು ಖಾರ ಕಡಿಮೆ ಮಾಡಿಕೊಂಡು, ಬಣ್ಣ ಮತ್ತು ಪರಿಮಳ ತುಂಬಿಕೊಂಡಿತು. ಅದೇ ಬ್ಯಾಡಗಿ. ಬ್ಯಾಡಗಿ ಎಂಬುದು ಈಗಿನ ಹಾವೇರಿ ಜಿಲ್ಲೆಯ ಪೇಟೆಯ ಹೆಸರು. ಬೆಳೆ ಬರುವುದು ಕುಂದಗೋಳ, ಹುಬ್ಬಳ್ಳಿ, ಗದಗ, ಸವಣೂರು, ಶಿಗ್ಗಾವಿ ಹೀಗೆ ಸುತ್ತಲಿನ ಸೀಮೆಯಿಂದ. 2011ರಲ್ಲಿ ಇದಕ್ಕೆ ಜಿ.ಐ. ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಇದರಲ್ಲಿ ಎರಡು ಬಗೆ. ಕಡ್ಡಿ ಎಂದರೆ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು, ಬೀಜ ಕಡಿಮೆ. ಡಬ್ಬಿ ಎಂದರೆ ಗಿಡ್ಡ, ದಪ್ಪ, ಹೊಟ್ಟೆ ಉಬ್ಬಿದ ಕಾಯಿ, ಬೀಜ ಜಾಸ್ತಿ, ಬಣ್ಣ ಮತ್ತು ಪರಿಮಳ ಇನ್ನೂ ಜಾಸ್ತಿ, ಖಾರ ಇನ್ನೂ ಕಡಿಮೆ. ಡಬ್ಬಿಯನ್ನು ಹುರಿಯುವಾಗ ಕೆಮ್ಮು ಬರಿಸುವ ಘಾಟು ಕಡಿಮೆ, ಸಿಹಿ ವಾಸನೆ ಬರುತ್ತದೆ. ಹಂಗೇರಿ, ಸ್ಪೇನ್ ದೇಶದವರ ಪಾಪ್ರಿಕಾದ ಹೆಸರು ನೀವು ಕೇಳಿರಬಹುದು. ಬಣ್ಣದ ವಿಷಯದಲ್ಲಿ ನಮ್ಮ ಬ್ಯಾಡಗಿಯನ್ನು ಅದರ ಜೊತೆ ಹೋಲಿಸುತ್ತಾರೆ. ಮೆಣಸಿನ ಬಣ್ಣ ಅಳೆಯಲು ಅಸ್ಟಾ ಎಂಬ ಮಾನ ಇದೆ. ಒಳ್ಳೆಯ ಬ್ಯಾಡಗಿಯದು ಅದರಲ್ಲಿ 150ರ ಆಸುಪಾಸು ಬರುತ್ತದೆ. ಇದರ ಬಣ್ಣವನ್ನು ಸತ್ವವಾಗಿ ತೆಗೆದು ಹೊರದೇಶಕ್ಕೂ ಕಳಿಸುತ್ತಾರೆ. ಹೆಂಗಸರು ಹಚ್ಚುವ ಲಿಪ್‌ಸ್ಟಿಕ್ಕಿಗೂ ಅದು ಹೋಗುತ್ತದೆ ಎಂದರೆ ಆಶ್ಚರ್ಯವಾಗಬಹುದು.

ಮೆಣಸಿನ ಖಾರ ಬೀಜದಲ್ಲಿದೆ ಎಂದು ನಾವೆಲ್ಲ ತಿಳಿದಿದ್ದೇವೆ. ನಿಜವಾಗಿ ಅದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿರುವುದು. ಬಣ್ಣ ಮತ್ತು ಪರಿಮಳ ಇರುವುದು ಹೊರಗಿನ ಸಿಪ್ಪೆಯಲ್ಲಿ. ಖಾರ ಬೇರೆ, ಬಣ್ಣ ಬೇರೆ, ಪರಿಮಳ ಬೇರೆ. ಇದನ್ನು ತಿಳಿಯದೆ ನಾವು ಮೂರನ್ನೂ ಒಂದೇ ಎಂದು ಎಣಿಸುತ್ತೇವೆ.

ನಮ್ಮ ಅಡಿಗೆಗೆ ಇದರಿಂದ ಏನು ಉಪಯೋಗ? ಮುಖ್ಯ ವಿಷಯ ಇಲ್ಲಿದೆ. ಖಾರ ಕಡಿಮೆ ಇರುವುದರಿಂದಲೇ ಬ್ಯಾಡಗಿಯನ್ನು ಕೈತುಂಬ ಹಾಕಬಹುದು. ಹತ್ತು ಗುಂಟೂರು ಹಾಕಿದರೆ ಬಾಯಿ ಸುಟ್ಟುಹೋಗುವ ಕಡೆ ಮೂವತ್ತು ಬ್ಯಾಡಗಿ ಹಾಕಬಹುದು. ಆ ಮೂವತ್ತು ಕಾಯಿಯ ಸಿಪ್ಪೆ ಕಡೆದಾಗಲೇ ಮಸಾಲೆಗೆ ಮೈ ಬರುವುದು. ಸಾಂಬಾರು ದಪ್ಪಗಾಗಿ ಬೇಳೆಯೂ ನೀರೂ ಬೇರೆಯಾಗದೆ ನಿಲ್ಲುವುದು ಅದರಿಂದ. ಕುಂದಾಪುರದ ಘೀ ರೋಸ್ಟ್ ಆಗಲಿ, ಕೋರಿ ರೊಟ್ಟಿಯ ಸಾರಾಗಲಿ, ಮೈಸೂರು ಮಸಾಲೆ ದೋಸೆಯ ಕೆಂಪು ಚಟ್ನಿಯಾಗಲಿ, ಎಲ್ಲದರ ಗುಟ್ಟೂ ಇದೇ. ಖಾರದ ಮೆಣಸು ಸ್ವಲ್ಪ, ಬಣ್ಣದ ಪುಡಿ ಸ್ವಲ್ಪ ಹಾಕಿದರೆ ಕಣ್ಣಿಗೆ ಕೆಂಪು, ನಾಲಿಗೆಗೆ ಖಾರ ಸಿಗಬಹುದು. ಮೈ ಬರುವುದಿಲ್ಲ. ಆಮೇಲೆ ಅದನ್ನು ಸರಿಮಾಡಲು ಕಾಯಿ ಜಾಸ್ತಿ, ಬೆಲ್ಲ ಜಾಸ್ತಿ, ಎಣ್ಣೆ ಜಾಸ್ತಿ ಹಾಕುತ್ತ ಹೋಗಬೇಕು. ನನ್ನ ಕಿಚನ್ನಿನಲ್ಲಿ ಆದದ್ದೂ ಅದೇ. ಉಳಿಸಿದ ಆರು ಸಾವಿರ ಎಲ್ಲಿ ಹೋಯಿತೆಂದು ಆಮೇಲೆ ತೆಂಗಿನಕಾಯಿಯ ಬಿಲ್ಲು ನೋಡಿದಾಗ ಗೊತ್ತಾಯಿತು.

ಕೆಂಪಗಿರುವುದೆಲ್ಲ ಬ್ಯಾಡಗಿಯಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಮ್ಮ ಧಂದೆಗೆ ಹೀಗೆ ತಿರುಗಿಸಬಹುದು. ಮುಂಬಯಿಯ ವಾಶಿ ಮಸಾಲಾ ಮಾರ್ಕೆಟಿಗೆ ಹೋಗಿ, ಲಾಲ್‌ಬಾಗಿನ ಮಿರ್ಚಿ ಗಲ್ಲಿಗೆ ಹೋಗಿ, "ಬೇಡ್ಗಿ" ಎಂದು ಕೇಳಿದರೆ ಹತ್ತು ದರದ ಹತ್ತು ರಾಶಿ ತೋರಿಸುತ್ತಾರೆ. "ಕಾಶ್ಮೀರಿ" ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲೂ ಎಷ್ಟೋ ಪಾಲು ಕರ್ನಾಟಕದ ಕಾಯಿಯೇ. ವ್ಯಾಪಾರಿಗಳೆಲ್ಲ ಮೋಸಗಾರರು ಎಂದು ನಾನು ಹೇಳುವುದಿಲ್ಲ. ನಾವು ಏನು ಕೇಳುತ್ತೇವೋ ಅದನ್ನು ಕೊಡುತ್ತಾರೆ. ನಾವು ಕೇಳುವುದು "ಕೆಂಪು ಇರಬೇಕು, ದರ ಕಡಿಮೆ ಇರಬೇಕು" ಎಂದು ತಾನೇ?

2023ರ ಫೆಬ್ರವರಿಯಲ್ಲಿ ನಾನೇ ಬ್ಯಾಡಗಿಗೆ ಹೋದೆ. ಊರಿಗೆ ಹೋಗುವ ದಾರಿಯನ್ನು ಸ್ವಲ್ಪ ಬದಲಿಸಿ ಹುಬ್ಬಳ್ಳಿಯ ಮೇಲಿಂದ ಹೋದೆ ಅಷ್ಟೆ. ಸೋಮವಾರ ಮತ್ತು ಗುರುವಾರ ಅಲ್ಲಿಯ ವ್ಯಾಪಾರದ ದಿನ. ಸುಗ್ಗಿಯ ಕಾಲ. ಪೇಟೆಯ ಒಳಗೆ ಕಾಲಿಡುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಎಲ್ಲಿ ನೋಡಿದರೂ ಕೆಂಪು ಚೀಲ. ಹೆಂಗಸರು ಸಾಲಾಗಿ ಕೂತು ತೊಟ್ಟು ಮುರಿಯುತ್ತಿರುತ್ತಾರೆ, ಕಾಯಿ ಆರಿಸುತ್ತಿರುತ್ತಾರೆ. ನಮ್ಮ ಕಿಚನ್ನಿನಲ್ಲಿ ಒಂದು ಒಗ್ಗರಣೆ ಹೊತ್ತಿದರೆ ನಾವು ಹೊರಗೆ ಓಡುತ್ತೇವೆ. ಅವರು ದಿನವಿಡೀ ಆ ಘಾಟಿನ ನಡುವೆ ಸೆರಗು ಮುಖಕ್ಕೆ ಕಟ್ಟಿಕೊಂಡು ಕೆಲಸ ಮಾಡುತ್ತಾರೆ. ಸುತ್ತಲೂ ಕೋಲ್ಡ್ ಸ್ಟೋರೇಜುಗಳು. ಮಾರಾಟವಾಗದ ಮಾಲು, ದರ ಏರಲಿ ಎಂದು ಕಾಯುವ ಮಾಲು ಎಲ್ಲ ಅದರೊಳಗೆ.

ಅಲ್ಲಿ ನನಗೆ ತಿಳಿದ ದೊಡ್ಡ ಸಂಗತಿ ಎಂದರೆ, ಬ್ಯಾಡಗಿ ಪೇಟೆಗೆ ಬರುವ ಮಾಲಿನಲ್ಲಿ ಹಳೆಯ ಡಬ್ಬಿ, ಕಡ್ಡಿ ಸಣ್ಣ ಪಾಲು ಮಾತ್ರ. ಹೆಚ್ಚಿನದು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬರುವ ನೀರಾವರಿ ಬೆಳೆ, ಹೈಬ್ರಿಡ್ ತಳಿ. ಅವುಗಳಿಗೆ ಹೆಸರೂ ಇಲ್ಲ, ನಂಬರು: 2043, 5531 ಹೀಗೆ. ಅದರಲ್ಲಿ 2043 ನೋಡಲು ಬ್ಯಾಡಗಿಯ ಹಾಗೆಯೇ, ಸುಕ್ಕು ಕೂಡ ಇದೆ, ಬಣ್ಣವೂ ಇದೆ. ಅದು ಕೆಟ್ಟ ಮಾಲು ಎಂದಲ್ಲ. ರೈತನಿಗೆ ಇಳುವರಿ ಸಿಗುತ್ತದೆ, ಕಾರ್ಖಾನೆಯವರಿಗೆ ಬಣ್ಣ ಸಿಗುತ್ತದೆ. ಆದರೆ ಹುರಿದು ಕಡೆಯುವ ನಮ್ಮ ಅಡಿಗೆಯಲ್ಲಿ ಡಬ್ಬಿಯ ಪರಿಮಳ ಅದಕ್ಕೆ ಬರುವುದಿಲ್ಲ ಎಂಬುದು ನನ್ನ ಅನುಭವ. 2043 ಕೊಂಡರೆ 2043ರ ದರ ಕೊಡಿ. ಡಬ್ಬಿಯ ದರ ಕೊಟ್ಟು ಅದನ್ನು ಮನೆಗೆ ತರಬೇಡಿ.

ಪುಡಿಯ ಕಥೆ ಇನ್ನೂ ಬೇರೆ. ಅದರಲ್ಲಿ ಹಳೆಯ ಮಾಲು, ತೊಟ್ಟು, ಬಣ್ಣ ಹೋದ ಬಿಳಿ ಕಾಯಿ ಎಲ್ಲ ಸೇರಿಸಿ ಮೇಲಿಂದ ಬಣ್ಣ ಹಾಕುವವರೂ ಇದ್ದಾರೆ. 2003ರಲ್ಲಿ ಯುರೋಪಿನಲ್ಲಿ ಭಾರತದ ಮೆಣಸಿನ ಪುಡಿಯಲ್ಲಿ ಸೂಡಾನ್ ಎಂಬ ಬಣ್ಣ ಸಿಕ್ಕಿ ದೊಡ್ಡ ಗಲಾಟೆಯಾಯಿತು. 2005ರಲ್ಲಿ ಬ್ರಿಟನ್ನಿನಲ್ಲಿ ಅದೇ ಕಾರಣಕ್ಕೆ ನೂರಾರು ಬಗೆಯ ತಿಂಡಿ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸು ತೆಗೆದರು. ಸೂಡಾನ್ ಎಂದರೆ ಬಟ್ಟೆ, ಮೇಣ, ಪಾಲಿಶಿಗೆ ಹಾಕುವ ಬಣ್ಣ, ಹೊಟ್ಟೆಗೆ ಹಾಕುವುದಲ್ಲ. ನಮ್ಮ ದೇಶದ ಕಾನೂನಿನಲ್ಲೂ ಮೆಣಸಿನ ಪುಡಿಗೆ ಯಾವ ಬಣ್ಣವನ್ನೂ ಸೇರಿಸುವಂತಿಲ್ಲ. ನೆನಪಿಡಿ, ಇನ್‌ಸ್ಪೆಕ್ಟರ್ ಸ್ಯಾಂಪಲ್ ತೆಗೆಯುವುದು ನಮ್ಮ ಕಿಚನ್ನಿನಿಂದ. ಉತ್ತರ ಕೊಡಬೇಕಾದವರೂ ನಾವೇ. ಪುಡಿ ಕೊಟ್ಟವನು ಬಿಲ್ಲು ಕೊಡದೆ ಹೋಗಿದ್ದರೆ ಅವನನ್ನು ಎಲ್ಲಿ ಹುಡುಕುವುದು?

ಬೆಳೆಯುವವನ ಲೆಕ್ಕ

ಆ ಸಲ ಕುಂದಗೋಳ ಸೀಮೆಯ ಒಬ್ಬ ಹಿರಿಯ ರೈತರ ಪರಿಚಯವಾಯಿತು. ಚೀಲದ ಮೇಲೆ ಕೂತು ಚಹಾ ಕುಡಿಯುತ್ತ ಮಾತಾಡಿದೆವು. ಕಪ್ಪು ನೆಲದಲ್ಲಿ ಮಳೆ ನಂಬಿ ಉಳ್ಳಾಗಡ್ಡಿ, ಹತ್ತಿಯ ಜೊತೆ ಮೆಣಸು ಬೆಳೆಯುವುದು ಅವರ ಮನೆಯ ಹಳೆಯ ಪದ್ಧತಿ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ ಎಂಬ ಲೆಕ್ಕ. ಬೀಜ ಕೊಳ್ಳುವುದಿಲ್ಲ. ಪ್ರತಿ ವರ್ಷ ಹೊಲದಲ್ಲಿ ಒಳ್ಳೆಯ ಗಿಡ ನೋಡಿ, ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆ ತೆಗೆದಿಡುತ್ತಾರೆ. ಅವರ ತಂದೆ, ಅಜ್ಜ ಮಾಡಿದ್ದೂ ಅದನ್ನೇ.

"ಎಷ್ಟು ಬೆಳೀತದೆ?" ಎಂದು ಕೇಳಿದೆ.

"ಎಕರೆಕ್ಕ ಮೂರು ಕ್ವಿಂಟಲ್ ಬಂದ್ರ ದೊಡ್ಡದ್ರೀ ಸಾಹೇಬ್ರ. ನೀರಾವರಿ ಹೈಬ್ರಿಡ್‌ನವ್ರು ಅದರ ನಾಕೈದು ಪಟ್ಟು ತೆಗೀತಾರ."

"ಮತ್ತೆ ನೀವ್ಯಾಕೆ ಅದನ್ನೇ ಹಾಕುವುದಿಲ್ಲ?"

ಅವರು ನಕ್ಕರು. "ನಮ್ಮ ಮನ್ಯಾಗ ಊಟಕ್ಕ ಇದು ಬೇಕಲ್ರೀ. ಆದ್ರ ಮಗ ಕೇಳಂಗಿಲ್ಲ. ಇನ್ನೊಂದ್ ಎರಡು ವರ್ಷ ನೋಡ್ತೀನಿ ಅಂತಾನ. ತಗೊಳ್ಳೋರು ಬಣ್ಣ ನೋಡ್ತಾರ, ರುಚಿ ಯಾರು ಕೇಳ್ತಾರ್ರೀ?"

ಆ ಮಾತು ನನಗೆ ನೇರವಾಗಿ ತಾಗಿತು. ರುಚಿ ಕೇಳಬೇಕಾದವರು ಯಾರು? ಲಿಪ್‌ಸ್ಟಿಕ್ ಮಾಡುವವನಿಗೆ ರುಚಿ ಬೇಡ. ಬಣ್ಣ ತೆಗೆದು ಹೊರದೇಶಕ್ಕೆ ಕಳಿಸುವವನಿಗೂ ಬೇಡ. ರುಚಿಯ ಮೇಲೆ ಹೊಟ್ಟೆ ಹೊರೆಯುವವರು ನಾವು, ಹೋಟೆಲಿನವರು. ನಾವೇ ಕೇಳದಿದ್ದರೆ ಇನ್ನು ಯಾರು ಕೇಳಬೇಕು?

ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದರು. ಮೆಣಸಿನ ಹೂವಿಗೆ ಪಕ್ಕದ ಹೊಲದ ಪರಾಗ ಸುಲಭವಾಗಿ ಬಂದು ಕೂಡುತ್ತದೆ. ಸುತ್ತ ಹೈಬ್ರಿಡ್ ಇದ್ದರೆ ನಡುವಿನ ಹಳೆಯ ಬೀಜವೂ ಕೆಡುತ್ತ ಹೋಗುತ್ತದೆ. ಅಂದರೆ ಒಬ್ಬಿಬ್ಬರು ಹಠ ಹಿಡಿದು ಬೆಳೆದರೆ ಸಾಲದು, ಊರಿನಲ್ಲಿ ನಾಲ್ಕು ಜನ ಬೆಳೆಯಬೇಕು. ಅಂಗಡಿಯಲ್ಲಿ ಖಾಲಿಯಾದ ಮಾಲು ಮುಂದಿನ ವಾರ ಬರುತ್ತದೆ. ಹೊಲದಲ್ಲಿ ತಪ್ಪಿಹೋದ ಬೀಜ ಹಾಗೆ ಬರುವುದಿಲ್ಲ.

ದರದ ಏರಿಳಿತವಂತೂ ಕೇಳಬೇಡಿ. 2023ರಲ್ಲಿ ಒಳ್ಳೆಯ ಡಬ್ಬಿಗೆ ಕ್ವಿಂಟಲಿಗೆ ಐವತ್ತು ಸಾವಿರ ದಾಟಿದ ದಿನಗಳಿದ್ದವು. ಅದನ್ನು ನೋಡಿ ಎಲ್ಲರೂ ಮೆಣಸು ಹಾಕಿದರು. 2024ರ ಮಾರ್ಚ್ 11, ಸೋಮವಾರ, ಟಿ.ವಿ. ಹಾಕಿದರೆ ಬ್ಯಾಡಗಿ ಪೇಟೆಯಲ್ಲಿ ಹೊಗೆ. ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಅದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ವರ್ಷವಿಡೀ ದುಡಿದು ಚೀಲ ತುಂಬಿ ತಂದವನ ಸಂಕಟ ಏನೆಂದು ನನಗೆ ಅರ್ಥವಾಯಿತು. ಲಾಕ್‌ಡೌನಿನಲ್ಲಿ ಷಟರು ಎಳೆದು ಒಳಗೆ ಕೂತವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನನ್ನ ಪರಿಚಯದ ರೈತರಿಗೆ ಅಂದೇ ಫೋನು ಮಾಡಿದೆ. ಅವರು ಪೇಟೆಗೆ ಹೋಗಿರಲಿಲ್ಲ. "ನಿಮ್ಮ ಮಾಲು ಬ್ಯಾರೆ ಇಟ್ಟೀನ್ರೀ, ಹೇಳಿದ ದರಕ್ಕ" ಎಂದರು. ದರ ಬಿದ್ದ ಆ ವರ್ಷವೂ ನಾನು ಮೊದಲು ಮಾತಾಡಿದ ದರವನ್ನೇ ಕೊಟ್ಟೆ. ಅದು ದಾನವಲ್ಲ. ದರ ಏರಿದ ವರ್ಷ ಅವರು ನನ್ನ ಕೈ ಬಿಡದಿರಲಿ ಎಂಬ ಸ್ವಾರ್ಥವೂ ಅದರಲ್ಲಿದೆ.

ನಾವು ಮಾಡಬಹುದಾದದ್ದು

ಮೊದಲು ಲೆಕ್ಕ. ನಮ್ಮಲ್ಲಿ ನೂರು ಜನರ ಸಾಂಬಾರಿಗೆ ಕಾಲು ಕಿಲೋ ಬ್ಯಾಡಗಿ ಬೇಕಾಗುತ್ತದೆ. ಕಿಲೋಗೆ ನೂರೈವತ್ತು ರೂಪಾಯಿ ಉಳಿಸಿದರೆ ನೂರು ಜನರಿಗೆ ಉಳಿಯುವುದು ಮೂವತ್ತೇಳೂವರೆ ರೂಪಾಯಿ, ಅಂದರೆ ಒಬ್ಬ ಗಿರಾಕಿಗೆ 38 ಪೈಸೆಯೂ ಇಲ್ಲ. ದರದ ಅಂತರ ಮುನ್ನೂರು ರೂಪಾಯಿ ಎಂದರೂ 75 ಪೈಸೆ. ಕೈ ಒರೆಸುವ ಪೇಪರಿಗೆ ನಾವು ಅದಕ್ಕಿಂತ ಲೆಕ್ಕವಿಲ್ಲದೆ ಖರ್ಚು ಮಾಡುತ್ತೇವೆ. ಇಪ್ಪತ್ತು ವರ್ಷದ ಗಿರಾಕಿಯನ್ನು ನಾನು ಕಳಕೊಂಡದ್ದು 38 ಪೈಸೆಗೆ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ನಾನು ಈಗ ಪಾಲಿಸುತ್ತಿರುವ ಕೆಲವು ಕ್ರಮಗಳು:

1. ಇಡೀ ಕಾಯಿಯನ್ನೇ ಕೊಳ್ಳಿ. ಪುಡಿ ಬೇಕಾದರೆ ನಿಮ್ಮ ಕಣ್ಣೆದುರಿಗೆ ಮಾಡಿಸಿ, ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ. ಪುಡಿಯಾದ ಮೇಲೆ ಬೆಳಕು, ಗಾಳಿ, ಬಿಸಿಗೆ ಬಣ್ಣವೂ ಪರಿಮಳವೂ ಬೇಗ ಹೋಗುತ್ತದೆ. ಭಟ್ಟಿಯ ಪಕ್ಕದ ಅಟ್ಟದಲ್ಲಿ ಮೆಣಸಿನ ಡಬ್ಬ ಇಡುವ ಅಭ್ಯಾಸ ಬಿಡಿ.

2. ಕಣ್ಣಿನಿಂದ ಮಾತ್ರ ಕೊಳ್ಳಬೇಡಿ. ನಾಲ್ಕು ಕಾಯಿ ಮನೆಗೆ ತನ್ನಿ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಡೆಯಿರಿ. ಎರಡು ಚಮಚ ಎಣ್ಣೆಯಲ್ಲಿ ಬಾಡಿಸಿ ನೋಡಿ. ಒಳ್ಳೆಯ ಡಬ್ಬಿಯಾದರೆ ಎಣ್ಣೆಗೆ ಬಣ್ಣ ಬಿಡುತ್ತದೆ, ಸಿಹಿ ಪರಿಮಳ ಹರಡುತ್ತದೆ, ನಾಲಿಗೆಗೆ ಖಾರ ಹಿಂದಿನಿಂದ ಮೆಲ್ಲಗೆ ಬರುತ್ತದೆ. ಬರೀ ಕೆಂಪು ಕಾಣಿಸಿ ಪರಿಮಳ ಇಲ್ಲದಿದ್ದರೆ ಬಿಟ್ಟುಬಿಡಿ.

3. ಒದ್ದೆ ಮಾಲು ಬೇಡ. ತೂಕ ಬರಲೆಂದು ನೀರು ಚಿಮುಕಿಸುವುದುಂಟು. ಹಿಡಿದಾಗ ಮೆತ್ತಗಿರುವ ಕಾಯಿ ಒಳಗೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ. ಕಾಯಿ ಮುರಿದು ಒಳಗೆ ನೋಡಿ. ಅಲ್ಲಾಡಿಸಿದರೆ ಬೀಜ ಸದ್ದು ಮಾಡಬೇಕು.

4. ಪುಡಿಯ ಪರೀಕ್ಷೆ. ಗ್ಲಾಸು ನೀರಿನ ಮೇಲೆ ಒಂದು ಚಮಚ ಪುಡಿ ಉದುರಿಸಿ. ಬಣ್ಣ ಗೆರೆಗೆರೆಯಾಗಿ ಕೆಳಗಿಳಿದರೆ ನೀರಿನಲ್ಲಿ ಕರಗುವ ಬಣ್ಣ ಸೇರಿಸಿದ್ದಾರೆ ಎಂದು ತಿಳಿಯಿರಿ. ತಳದಲ್ಲಿ ಕೂತದ್ದನ್ನು ಬೆರಳಲ್ಲಿ ತಿಕ್ಕಿದಾಗ ಮರಳು ಮರಳಾದರೆ ಇಟ್ಟಿಗೆ ಪುಡಿ ಅಥವಾ ಮರಳು. ಆದರೆ ಇಷ್ಟಕ್ಕೆ ಧೈರ್ಯ ತಗೊಳ್ಳಬೇಡಿ. ಸೂಡಾನ್ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಅದು ಈ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ, ಲ್ಯಾಬಿನಲ್ಲೇ ನೋಡಿಸಬೇಕು. ಬಿಲ್ಲು ಇಲ್ಲದೆ, ಲೈಸೆನ್ಸ್ ನಂಬರು ಇಲ್ಲದೆ ಪುಡಿ ತಗೊಳ್ಳಲೇಬೇಡಿ.

5. ಖಾರಕ್ಕೆ ಬೇರೆ ಮೆಣಸು ಇಟ್ಟುಕೊಳ್ಳಿ. ನಮ್ಮ ಸಾಂಬಾರಿಗೆ ಮೂರು ಪಾಲು ಬ್ಯಾಡಗಿಗೆ ಒಂದು ಪಾಲಿಗಿಂತ ಕಡಿಮೆ ಗುಂಟೂರು. ಕೆಂಪು ಚಟ್ನಿಗೆ ಬರೀ ಬ್ಯಾಡಗಿ. ಗಿರಾಕಿ ಖಾರ ಬೇಕೆಂದರೆ ಗುಂಟೂರು ಹೆಚ್ಚಿಸಿ, ಬ್ಯಾಡಗಿ ಕಡಿಮೆ ಮಾಡಬೇಡಿ.

6. ಹದವಾಗಿ ಹುರಿಯಿರಿ. ಸಣ್ಣ ಉರಿಯಲ್ಲಿ ಒಂದೆರಡು ಚಮಚ ತೆಂಗಿನೆಣ್ಣೆ ಹಾಕಿ, ಕಾಯಿ ಉಬ್ಬಿ ಹೊಳೆಯುವವರೆಗೆ ಮಾತ್ರ. ಕಪ್ಪಾದರೆ ಬಣ್ಣವೂ ಹೋಯಿತು, ಕಹಿಯೂ ಬಂತು. ಕೊತ್ತಂಬರಿ, ಮೆಂತೆ, ಜೀರಿಗೆಯ ಜೊತೆ ಒಟ್ಟಿಗೆ ಹಾಕಬೇಡಿ, ಬೇರೆಯಾಗಿ ಹುರಿಯಿರಿ.

7. ಸುಗ್ಗಿಯಲ್ಲೇ ವರ್ಷದ ಮಾಲು ಕೊಳ್ಳಿ. ಜನವರಿಯಿಂದ ಮಾರ್ಚ್ ಒಳಗೆ ಹೊಸ ಮಾಲು. ನಮ್ಮಂಥ ಒಂದು ಹೋಟೆಲಿಗೆ ವರ್ಷಕ್ಕೆ ಐದು ಕ್ವಿಂಟಲ್ ಸಾಕು. ಅಷ್ಟು ಹಣ ಒಮ್ಮೆಲೇ ಹಾಕುವುದು ಕಷ್ಟ ಎನ್ನುವುದು ನಿಜ, ಮುಂಬಯಿಯ ಮಳೆಗಾಲದಲ್ಲಿ ಮಾಲು ಇಡಲು ಜಾಗವೂ ಇಲ್ಲ. ನಾವು ನಾಲ್ಕು ಹೋಟೆಲಿನವರು ಸೇರಿ ಒಟ್ಟಿಗೆ ತರಿಸಿ, ಕೋಲ್ಡ್ ಸ್ಟೋರೇಜಿನಲ್ಲಿ ಬಾಡಿಗೆಗೆ ಇಟ್ಟು, ತಿಂಗಳು ತಿಂಗಳು ತೆಗೆಯುತ್ತೇವೆ. ಬಾಡಿಗೆ ಹಂಚಿಕೊಂಡರೆ ಭಾರವಾಗುವುದಿಲ್ಲ.

ಈ ಕೊನೆಯ ಮಾತನ್ನೇ ಸಂಘದ ಹಿರಿಯರ ಮುಂದೆ ವಿನಂತಿಯಾಗಿ ಇಡುತ್ತಿದ್ದೇನೆ. ನಾಲ್ಕು ಜನ ಮಾಡಿದ್ದನ್ನು ನಲವತ್ತು ಜನ ಮಾಡಿದರೆ ನಮಗೆ ಶುದ್ಧ ಮಾಲು, ಬೆಳೆಯುವವರಿಗೆ ಮುಂಗಡ ಭರವಸೆ. "ಇಷ್ಟು ಕ್ವಿಂಟಲ್ ಡಬ್ಬಿ ನಮಗೇ ಬೇಕು, ಇಂತಿಷ್ಟು ದರಕ್ಕಿಂತ ಕಡಿಮೆ ಕೊಡುವುದಿಲ್ಲ" ಎಂದು ಮೇ ತಿಂಗಳಲ್ಲಿ, ಬಿತ್ತನೆಗೆ ಮೊದಲೇ ಹೇಳಿದರೆ ಆ ಹಿರಿಯರ ಮಗನಿಗೂ ಹಳೆಯ ಬೀಜ ಹಾಕಲು ಧೈರ್ಯ ಬರುತ್ತದೆ. ಬಿತ್ತಿ ಬೆಳೆದು ಪೇಟೆಗೆ ತಂದ ಮೇಲೆ ನಾವು ಹೋಗಿ ಹೊಗಳಿದರೆ ಪ್ರಯೋಜನವಿಲ್ಲ.

ಭಟ್ರ ವಿಷಯ

ಬ್ಯಾಡಗಿಯಿಂದ ಒಂದು ಚೀಲ ಡಬ್ಬಿ ಹಾಕಿಕೊಂಡು ನಾನು ನೇರ ಊರಿಗೆ, ಭಟ್ರ ಮನೆಗೆ ಹೋದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಎದ್ದು ಬಂದು ನೀರು ಬೆಲ್ಲ ಕೊಟ್ಟರು. ತಪ್ಪಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಚೀಲದಿಂದ ಒಂದು ಹಿಡಿ ಮೆಣಸು ತೆಗೆದು ಅವರ ಮುಂದೆ ಹಿಡಿದೆ. ಅವರು ಒಂದು ಕಾಯಿ ಮುರಿದು ಮೂಸಿದರು. "ಈಗ ಸಮ ಆಯ್ತ್" ಎಂದರು. ಅಷ್ಟೇ.

ನವರಾತ್ರಿ ಮುಗಿಸಿ ಅವರು ತಿರುಗಿ ಬಂದರು. ಈಗ ವರ್ಷಕ್ಕೆ ಆರು ತಿಂಗಳು ಇರುತ್ತಾರೆ. ನಮ್ಮೂರಿನ ಹುಡುಗರು ಅಡಿಗೆ ಕೆಲಸಕ್ಕೆ ಬರುವುದು ನಿಂತು ಎಷ್ಟೋ ಕಾಲವಾಯಿತು, ನಿಮಗೆಲ್ಲ ಗೊತ್ತು. ಅವರ ಕೈಕೆಳಗೆ ಕಲಿಯುತ್ತಿರುವವನು ಒಡಿಶಾದ ಹುಡುಗ. ಅವನಿಗೆ ಕನ್ನಡ ನಾಲ್ಕು ಮಾತು ಬರುತ್ತದೆ, ಭಟ್ರಿಗೆ ಹಿಂದಿ ಆರು ಮಾತು. ಆದರೂ ಮೆಣಸು ಮುರಿದು ಮೂಸುವುದನ್ನು ಕಲಿತಿದ್ದಾನೆ. ಹೋದ ವಾರ ಬಂದ ಚೀಲವನ್ನು ಬಿಚ್ಚಿ, "ಸೇಠ್, ಇದು ಡಬ್ಬಿ ಅಲ್ಲ" ಎಂದು ಅವನೇ ಹೇಳಿದ. ನೋಡಿದರೆ ಲಾರಿಯಲ್ಲಿ ಚೀಲ ಅದಲುಬದಲಾಗಿತ್ತು. ಆ ದಿನ ನಾನು ಅವನ ಮಾತು ಕೇಳಿದೆ, ಚೀಲ ವಾಪಸು ಕಳಿಸಿದೆ.

ನಿವೃತ್ತ ಮೇಷ್ಟ್ರು ಮಾತ್ರ ಮತ್ತೆ ಬರಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡರು ಎಂದು ಅವರ ಮಗ ಒಂದು ದಿನ ಪಾರ್ಸೆಲ್ ಕೊಳ್ಳಲು ಬಂದಾಗ ಹೇಳಿದ. "ಅಪ್ಪ ನಿಮ್ಮ ಸಾಂಬಾರನ್ನು ಬಹಳ ನೆನೆಯುತ್ತಿದ್ದರು" ಎಂದ. ಯಾವ ಸಾಂಬಾರು, ಮೊದಲಿನದೋ ಆಮೇಲಿನದೋ ಎಂದು ನಾನು ಕೇಳಲಿಲ್ಲ. ಇಡ್ಲಿಯ ಪೊಟ್ಟಣದ ಜೊತೆ ಒಂದು ಸಾಂಬಾರು ಹೆಚ್ಚಿಗೆ ಇಟ್ಟು ಕಳಿಸಿದೆ.

ಬಂಧುಗಳೇ, ಈ ಸುಗ್ಗಿಗೆ ಬ್ಯಾಡಗಿಯಿಂದ ಒಟ್ಟಿಗೆ ಮಾಲು ತರಿಸಲು ಯಾರಿಗೆ ಆಸಕ್ತಿ ಇದೆಯೋ ಅವರು ಸಂಘದ ಕಚೇರಿಯಲ್ಲಿ ಹೆಸರು ಕೊಡಬೇಕಾಗಿ ವಿನಂತಿ. ನಿಮ್ಮ ಭಟ್ರನ್ನೂ ಒಂದು ಮಾತು ಕೇಳಿ ಬನ್ನಿ.